ಮೊದಲೇ ಮಾತಾಡಿಕೊಂಡ ಪ್ರಶ್ನೆ

ರೈಲ್ವೆ ನೌಕರಿಗೆಂದು ಚೆನ್ನೈಗೆ ಬಂದು ಮಾಧವರಂನಲ್ಲಿ ನೆಲೆನಿಂತ ಭೋಜರಾಜರ ಮಗಳು ಭಾವನಾ. ಬೀದಿಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷ್, ಕನ್ನಡವೇನಿದ್ದರೂ ಮನೆಯೊಳಗೆ. ಹೊಕ್ಕುಳಬಳ್ಳಿಯ ರಕ್ತದಿಂದ ಸ್ಟೆಮ್ ಸೆಲ್ ತೆಗೆದು ಬೆಳೆಸುವುದು ಅವಳ ಸಂಶೋಧನೆ. ಆ ಕೋಶಗಳಿಗೆ ಭಾನುವಾರ, ಹಬ್ಬ ಒಂದೂ ತಿಳಿಯದು. ದೀಪಾವಳಿಯ ಎಣ್ಣೆಸ್ನಾನ ಮುಗಿಸಿ ಒದ್ದೆ ಕೂದಲಲ್ಲೇ ಲ್ಯಾಬಿಗೆ ಓಡಿದವಳು ಅವಳು.

ಮಂಡ್ಯದ ಲಿಖಿತ್ ಅದೇ ಲ್ಯಾಬಿಗೆ ಸೇರಿದ ಮೇಲೆ ಅವಳಿಗೆ ಹೊರಗೂ ಕನ್ನಡ ಸಿಕ್ಕಿತು. ಮನೆ ಮಾಲೀಕರಿಂದ ಹಿಡಿದು ಗ್ಯಾಸಿನವನವರೆಗೆ ಎಲ್ಲರ ತಮಿಳನ್ನೂ ಅವನಿಗೆ ತಿಳಿಸಿಕೊಟ್ಟವಳು ಇವಳೇ. ಬೇರೆಯವರ ಕಿವಿಗೆ ಬೀಳಬಾರದ್ದನ್ನು ಇಬ್ಬರೂ ಎಲ್ಲರೆದುರೇ ಕನ್ನಡದಲ್ಲಿ ಹೇಳಿಕೊಂಡು ನಗುತ್ತಿದ್ದರು. ಬೆಸೆಂಟ್ ನಗರದ ಮರಳಿನಲ್ಲಿ ಕೂತು ಒಂದು ಸಂಜೆ ಅವಳು ತನ್ನ ಸಂಕಟವನ್ನೂ ಹೇಳಿಕೊಂಡಳು. ಚೆನ್ನಾಗಿ ಬೆಳೆದ ಕೋಶಗಳು ಕೆಲವು ಸಲ ಇದ್ದಕ್ಕಿದ್ದಂತೆ ಸತ್ತುಹೋಗುತ್ತಿದ್ದವು. ಕಾರಣ ಸಿಗುವವರೆಗೆ ಯಾರಿಗೂ ಹೇಳಬೇಡ ಎಂದು ಗೈಡ್ ತಾಕೀತು ಮಾಡಿದ್ದರು.

ಅಷ್ಟರಲ್ಲಿ ನುಂಗಂಬಾಕ್ಕಂನಲ್ಲಿ ರಕ್ತ ಸಂಶೋಧನೆಯ ಯುವಜನರಿಗಾಗಿ ಸಮ್ಮೇಳನ ಬಂತು. ಅಲ್ಲಿ ಮೆಚ್ಚುಗೆಯಾದವರೊಬ್ಬರಿಗೆ ದೊಡ್ಡ ಸಂಸ್ಥೆಯಲ್ಲಿ ಹುದ್ದೆ. ಭಾವನಾಳ ಫೆಲೋಶಿಪ್ ಮುಗಿಯುತ್ತಿತ್ತು. ಇದು ತಪ್ಪಿದರೆ ಲ್ಯಾಬಿನ ಬದುಕೇ ಮುಗಿದಂತೆ.

"ನೀನೂ ಅಪ್ಲೈ ಮಾಡಿದ್ದೀಯಾ?" ಎಂದು ಲಿಖಿತನನ್ನು ಕೇಳಿದ್ದಳು.

"ನಂಗ್ಯಾಕೆ? ನಂದಿನ್ನೂ ಟೈಮೈತೆ. ನೀ ಮಾತು ಮುಗಿಸ್ತಿದ್ದಂಗೆ ಫಸ್ಟ್ ಕೈ ಎತ್ತೋನು ನಾನೇ ಕಣೆ."

ಇಂಥ ಸಭೆಗಳಲ್ಲಿ ಇದು ಇದ್ದದ್ದೇ. ಗೆಳೆಯರು ಮೊದಲೇ ಮಾತಾಡಿಕೊಂಡ ಸುಲಭದ ಪ್ರಶ್ನೆ ಕೇಳುತ್ತಾರೆ, ವೇದಿಕೆಯ ಮೇಲಿದ್ದವರಿಗೆ ಜೀವ ಬರುತ್ತದೆ. ಈ ವಿಧಾನ ಆಸ್ಪತ್ರೆಗಳಿಗೆ ಯಾವಾಗ ಬರಬಹುದು ಎಂದು ಲಿಖಿತ್ ಕೇಳಬೇಕಿತ್ತು.

ಸಮ್ಮೇಳನದಲ್ಲಿ ಅವಳ ಮಾತು ಮುಗಿದಾಗ ಹೇಳಿದಂತೆ ಕೈ ಎತ್ತಿದ. ಮುಂದಿನ ಸಾಲಿನ ಹಿರಿಯ ವೈದ್ಯರೂ ಎತ್ತಿದ್ದರು. ಭಾವನಾ ನಗುತ್ತಾ ಲಿಖಿತನನ್ನೇ ತೋರಿಸಿದಳು. ಮೈಕ್ ಅವನ ಕೈಸೇರಿತು.

"ಕೆಲವು ಸಲ ಈ ಕೋಶಗಳು ಏಕಾಏಕಿ ಸಾಯುತ್ತವಲ್ಲ," ಎಂದು ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಕೇಳಿದ, "ಅದನ್ನೇಕೆ ತೋರಿಸಲಿಲ್ಲ?"

ಪ್ರಶ್ನೆ ಸರಿಯೇ, ಯಾರಾದರೂ ಕೇಳಬೇಕಾದದ್ದೇ. ಆದರೆ ನಂಬಿದವಳ ಬಾಯಿಂದ ಕೇಳಿದ್ದನ್ನೇ ಎತ್ತಿ ಅವಳಿಗೇ ಇರಿಯುವುದಕ್ಕೆ ವಿಜ್ಞಾನ ಅನ್ನುತ್ತಾರೆಯೇ? ಕಾರಣ ಗೊತ್ತಿಲ್ಲ ಎಂದಳು ಭಾವನಾ. ಅಧ್ಯಕ್ಷರು ಲಿಖಿತನತ್ತ ತಿರುಗಿ, ಭೇಷ್, ನಿಮ್ಮ ಹೆಸರೇನು ಎಂದರು.

ಸಂಜೆ ಹುದ್ದೆಗೆ ಕರೆದದ್ದೂ ಆ ಹೆಸರನ್ನೇ. ನಂಗ್ಯಾಕೆ ಎಂದವನು ಗುಟ್ಟಾಗಿ ಅರ್ಜಿ ಹಾಕಿದ್ದ. ಅವನು ಎಂದಿನಂತೆ ಅವಳಿಗೊಂದು ಕಾಫಿ ಹಿಡಿದು ಬಂದ.

"ಬೇಜಾರ್ ಮಾಡ್ಕಬ್ಯಾಡ ಕಣೆ. ನಾನ್ ಕೇಳ್ದಿದ್ರೆ ಇನ್ಯಾರೋ ಕೇಳೋರು."

ಗೈಡ್ ಬಿಟ್ಟರೆ ಇನ್ಯಾರಿಗೂ ಅದು ಗೊತ್ತೇ ಇರಲಿಲ್ಲ. ಭಾವನಾ ಕಾಫಿ ಮುಟ್ಟಲಿಲ್ಲ.

"ಉನ್ನ ನಂಬಿನೇನ್, ಲಿಖಿತ್," ಎಂದಳು ತಮಿಳಿನಲ್ಲಿ.

ಕನ್ನಡದವರಿಗೆ ತಿಳಿಯದ ಮಾತೇನಲ್ಲ ಅದು. ಆದರೂ ಅವನು, "ಏನಂದೆ?" ಎಂದ.

ಅವನಿಗೆ ತಮಿಳು ಬಿಡಿಸಿ ಹೇಳುವ ಕೆಲಸವನ್ನು ಅವಳು ಅಂದಿಗೇ ಬಿಟ್ಟುಬಿಟ್ಟಳು.