ಶಂಕಿತರ ಬೀದಿಯಲ್ಲಿ ಆಯುಧಪೂಜೆ

ಆ ವರ್ಷ ನಮ್ಮ ಬೀದಿಯಲ್ಲಿ ಯಾರಿಗೂ ಡೆಂಗಿ ಬರಲಿಲ್ಲ. ಸರ್ಕಾರದ ಪ್ರಕಾರ ಬರಲಿಲ್ಲ. ನಮ್ಮಮ್ಮನಿಗೆ ಬಂದದ್ದು ಶಂಕಿತ ಡೆಂಗಿ. ಮೂಲೆಮನೆಯ ಟೈಲರಿಗೆ ಬಂದದ್ದೂ ಶಂಕಿತ. ಎದುರು ಮನೆಯ ಅಜ್ಜ ತೀರಿಕೊಂಡದ್ದು ಕೂಡ ಶಂಕಿತದಿಂದಲೇ. ಸತ್ತದ್ದೊಂದು ಮಾತ್ರ ಖಚಿತವಾಗಿತ್ತು.

ಶಂಕೆ ನನ್ನ ಸ್ವಂತ ಆಸ್ತಿ ಎಂದು ಅಲ್ಲಿಯವರೆಗೆ ತಿಳಿದುಕೊಂಡಿದ್ದೆ. ಕಾಲೇಜಿನ ಚರ್ಚಾ ತಂಡದಲ್ಲಿದ್ದೆ. ಪರವೋ ವಿರೋಧವೋ ಚೀಟಿ ಎತ್ತಿ, ಬಂದ ಕಡೆಯಿಂದ ಮಾತಾಡುವ ಅಭ್ಯಾಸ. ಯಾವ ಮಾತಿಗೂ 'ಸಾಕ್ಷಿ ಏನು?' ಎಂದು ಕೇಳದೆ ಊಟ ಮಾಡುತ್ತಿರಲಿಲ್ಲ. ಅದಕ್ಕೇ ಮನೆಯಲ್ಲಿ ನನಗೆ ಲಾಯರಮ್ಮ ಎಂಬ ಹೆಸರಿತ್ತು. ಅಂಥ ನಾನು, ನನಗಿಂತ ದೊಡ್ಡ ಶಂಕಾಪಿಶಾಚಿಯನ್ನು ನೋಡಿದ್ದು ವಾರ್ಡಿನ ಆರೋಗ್ಯ ಕಚೇರಿಯಲ್ಲಿ.

ನಮ್ಮದು ನಾಗಸಂದ್ರದಿಂದ ಪೀಣ್ಯದ ಕಡೆ ತಿರುಗುವ ಅಡ್ಡರಸ್ತೆಗಳಲ್ಲೊಂದು. ತುಮಕೂರು ರಸ್ತೆಯ ಮೇಲೆ ಮೆಟ್ರೋ ಕಂಬಗಳು ಎದ್ದಿದ್ದವು, ರೈಲು ಇನ್ನೂ ಬಂದಿರಲಿಲ್ಲ. ನಮ್ಮ ಹಿತ್ತಿಲ ಗೋಡೆಗೆ ಅಂಟಿಕೊಂಡೇ ಮುಚ್ಚಿಹೋದ ಒಂದು ಶೆಡ್ಡು. ಅಮ್ಮ ಅದನ್ನು ಶೆಡ್ಡು ಎನ್ನುವುದಿಲ್ಲ, 'ಹುರುಳಿ ಹೊಲ' ಎನ್ನುತ್ತಾಳೆ. ತಾತನ ಕಾಲದಲ್ಲಿ ಅಲ್ಲಿ ಹುರುಳಿ ಬೆಳೆಯುತ್ತಿದ್ದರಂತೆ. "ಹುರುಳಿ ಹೊಲದಾಗೆ ಏನೋ ಸದ್ದಾಯ್ತು ನೋಡು" ಎಂದರೆ ತಗಡಿನ ಮೇಲೆ ಬೆಕ್ಕು ಓಡಿದೆ ಎಂದು ಅರ್ಥ. ಆ ಶೆಡ್ಡಿನೊಳಗೆ, ಹಿಂದೆ ಕಾದ ಉಕ್ಕನ್ನು ಅದ್ದಿ ತಣಿಸುತ್ತಿದ್ದ ಸಿಮೆಂಟಿನ ತೊಟ್ಟಿಯೊಂದಿತ್ತು. ಮೇಲಿನ ಶೀಟು ಒಡೆದು, ಮಳೆನೀರು ನೇರ ತೊಟ್ಟಿಗೇ ಬೀಳುತ್ತಿತ್ತು. ಡೆಂಗಿಯ ಸೊಳ್ಳೆಗೆ ಚರಂಡಿ ಬೇಡ, ಹೀಗೆ ತಿಳಿಯಾಗಿ ನಿಂತ ನೀರೇ ಬೇಕು. ಏಣಿ ಹಾಕಿ ಗೋಡೆಯಾಚೆ ಇಣುಕಿದರೆ, ಬಿಸಿಲು ಬಿದ್ದ ಕಡೆ ಮರಿಹುಳಗಳು ಅಲ್ಪವಿರಾಮಗಳ ಹಾಗೆ ಕುಣಿಯುತ್ತಿದ್ದವು.

ಶೆಡ್ಡು ಅಣ್ಣತಮ್ಮಂದಿರಿಬ್ಬರ ಜಗಳದಲ್ಲಿತ್ತು. ಗೇಟಿಗೆ ಎರಡು ಬೀಗ: ದೊಡ್ಡವರದ್ದೊಂದು, ಚಿಕ್ಕವರದ್ದೊಂದು. ಇಬ್ಬರೂ ಬಂದರೆ ಮಾತ್ರ ತೆರೆಯುತ್ತಿತ್ತು. ಇಬ್ಬರೂ ಒಟ್ಟಿಗೆ ಬರುತ್ತಿರಲಿಲ್ಲ, ಫೋನೂ ಎತ್ತುತ್ತಿರಲಿಲ್ಲ. ಗೋಡೆ ಹಾರೋಣ ಎಂದರೆ ಮೇಲೆಲ್ಲ ಗಾಜಿನ ಚೂರು. ಹಿಂದೆ ಯಾರೋ ಕ್ರಿಕೆಟ್ ಚೆಂಡು ತರಲು ಹಾರಿದ್ದಕ್ಕೇ ಕಳ್ಳತನದ ದೂರು ಬಿದ್ದಿತ್ತು. ಅಪ್ಪ ಹುಳ ಸಾಯಲೆಂದು ಸುಟ್ಟ ಆಯಿಲ್ ತಂದು ಏಣಿಯ ಮೇಲಿಂದ ಎರಚಿ ನೋಡಿದ. ಅರ್ಧ ನೆಲಕ್ಕೆ ಬಿತ್ತು, ಅರ್ಧ ಅವನ ಅಂಗಿಗೆ.

ಇಷ್ಟಕ್ಕೂ ನಮಗೆ ಅವಸರವಿತ್ತು. ಅಮ್ಮ ಜ್ವರದಿಂದ ಎದ್ದು ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದಳು. ಅಷ್ಟರಲ್ಲಿ ಅಕ್ಕ ಹೆರಿಗೆಗೆ ಮನೆಗೆ ಬಂದಿದ್ದಳು, ಏಳು ತುಂಬಿತ್ತು. ಬಸುರಿಗೆ ಈ ಜ್ವರ ಬಂದರೆ ತಾಯಿಗೂ ಮಗುವಿಗೂ ಕಷ್ಟ ಎಂದು ನರ್ಸಿಂಗ್ ಹೋಮಿನ ಡಾಕ್ಟರು ಹೇಳಿ ಕಳಿಸಿದ್ದರು. ಅಕ್ಕನ ಗಂಡನ ಮನೆ ಇದ್ದದ್ದು ಜಾಲಹಳ್ಳಿಯ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ, ಆಟೋದಲ್ಲಿ ಹೋಗುವಷ್ಟು ದೂರ. ಅಲ್ಲಿ ಫ್ಯಾಕ್ಟರಿಯವರೇ ವಾರವಾರ ಔಷಧಿ ಹೊಡೆಸುತ್ತಿದ್ದರು. ಅವಳನ್ನು ವಾಪಸ್ ಕಳಿಸಿಬಿಡೋಣ ಎಂದೆ.

"ಸೀಮಂತ ಮಾಡಿ ಕರ್ಕೊಂಬಂದೋಳ್ನ ಬರಿಗೈಲಿ ಕಳ್ಸಕ್ಕಾಯ್ತದಾ? ಮಗು ಕೈಗ್ ಬರೋಗಂಟ ಅವ್ಳು ಹೊಸ್ಲು ದಾಟಂಗಿಲ್ಲ" ಎಂದಳು ಅಮ್ಮ.

"ಸೊಳ್ಳೆಗೆ ಸೀಮಂತ ಅಂದ್ರೇನು ಅಂತ ಗೊತ್ತಿರುತ್ತಾ ಅಮ್ಮಾ?"

"ನಿಂಗೊತ್ತಾ? ನಿಂಗ್ಯಾವಾಗ ಆಗಿತ್ತು ಸೀಮಂತ?"

ಹಗಲುಹೊತ್ತಿನಲ್ಲೇ ಸೊಳ್ಳೆಪರದೆಯೊಳಗೆ ಕೂತಿದ್ದ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಲಾಯರಮ್ಮ, ಈ ಕೇಸು ಸೋತೆ ಕಣೆ. ಹೋಗಿ ಸರ್ಕಾರದ ಹತ್ರ ವಾದ ಮಾಡು."

ಹೋದೆ. ಹುರುಪಿನಿಂದಲೇ ಹೋದೆ, ಯಾಕೆಂದರೆ ಸ್ವಲ್ಪ ದಿನಗಳ ಹಿಂದೆ ಅಂತರಕಾಲೇಜು ಸ್ಪರ್ಧೆಯಲ್ಲಿ 'ರಾಜ್ಯವು ನಾಸ್ತಿಕವಾಗಿರಬೇಕು' ಎಂಬ ವಿಷಯಕ್ಕೆ ಪರವಾಗಿ ಮಾತಾಡಿ ಗೆದ್ದಿದ್ದೆ. ದೇವರನ್ನು ನಂಬುವ ಸರ್ಕಾರ ರೋಗ ಬಂದಾಗ ಹಣೆಬರಹ ಎನ್ನುತ್ತದೆ, ನಂಬದ ಸರ್ಕಾರ ಸೊಳ್ಳೆ ಹುಡುಕುತ್ತದೆ ಎಂದು ನಾನು ಹೇಳಿದಾಗ ಚಪ್ಪಾಳೆ ಬಿದ್ದಿತ್ತು. ಎದುರಾಳಿ ಹುಡುಗಿ ಮೆಲುದನಿಯವಳು. "ದೇವರನ್ನು ಕಾನೂನಿನಿಂದಲೇ ಹೊರಗೆ ಹಾಕಿದ ದೇಶಗಳಿವೆ. ಜ್ವರ ಬಂದಾಗ ಅವೂ ಮೊದಲು ಮುಚ್ಚಿಟ್ಟದ್ದು ಜ್ವರವನ್ನೇ. ನಂಬಬೇಡ ಅಂತ ಸರ್ಕಾರಕ್ಕೆ ಹೇಳಿಕೊಟ್ಟರೆ ಅದು ನಿಮ್ಮನ್ನೂ ನಂಬುವುದಿಲ್ಲ" ಎಂದಿದ್ದಳು. ಅವು ಮುಚ್ಚಿಟ್ಟದ್ದು ನಾಸ್ತಿಕವಾಗಿದ್ದಕ್ಕಲ್ಲ, ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸಿದ್ದಕ್ಕೆ ಎಂದು ತಿರುಗೇಟು ಕೊಟ್ಟೆ. ಆ ಉತ್ತರ ಸರಿಯೆಂದೇ ಈಗಲೂ ಅನ್ನಿಸುತ್ತದೆ. ಆದರೆ ಅವಳ ಮಾತು ನನ್ನ ಜೊತೆ ಆರೋಗ್ಯ ಕಚೇರಿಯ ಮೆಟ್ಟಿಲು ಹತ್ತಿ ಬಂತು.

ಕಚೇರಿಯಲ್ಲಿ ಊದುಬತ್ತಿಯ ಘಮ. ಗೋಡೆಯ ತುಂಬ ಎಲ್ಲ ಮತದ ದೇವರುಗಳೂ ಸಾಲಾಗಿ, ಯಾರಿಗೂ ಅನ್ಯಾಯವಾಗದ ಹಾಗೆ. ಹೊರಗೆ ಹೊಗೆ ಬಿಡುವ ಹೊಸ ಯಂತ್ರಕ್ಕೆ ಸೇವಂತಿಗೆ ಹಾರ ಹಾಕಿ, ಅದನ್ನು ಹೊತ್ತ ಆಟೋದ ಚಕ್ರಕ್ಕೆ ನಿಂಬೆಹಣ್ಣು ಇಟ್ಟಿದ್ದರು. ಹೆಲ್ತ್ ಇನ್‌ಸ್ಪೆಕ್ಟರು ನಡುವಯಸ್ಸಿನವರು, ಕಣ್ಣ ಕೆಳಗೆ ನಿದ್ದೆಯಿಲ್ಲದ ಕಪ್ಪು. ನಾನು ಎಲ್ಲ ಹೇಳಿದೆ: ತೊಟ್ಟಿ, ಹುಳ, ಅಮ್ಮ, ಅಜ್ಜ, ಅಕ್ಕ.

"ನೋಡಮ್ಮ, ಕನ್ಫರ್ಮ್ ಕೇಸ್ ಇದ್ರೆ ಬೀಗ ಒಡೆಯಕ್ಕೆ ಆರ್ಡರ್ ತಗೋಬೋದು. ನಿಮ್ ಬೀದೀಲಿ ಕನ್ಫರ್ಮ್ ಇಲ್ಲ."

"ನಮ್ಮಮ್ಮಂಗೆ ಟೆಸ್ಟ್ ಮಾಡ್ಸಿದೀವಲ್ಲ ಸಾರ್."

"ಅದು ನರ್ಸಿಂಗ್ ಹೋಮಿಂದು. ಆ ಕಾರ್ಡ್ ಟೆಸ್ಟು ನಮ್ಗೆ ಲೆಕ್ಕಕ್ಕಿಲ್ಲ. ನಮ್ ಲ್ಯಾಬಲ್ಲಿ ಬಂದ್ರೆ ಮಾತ್ರ ಖಚಿತ."

"ಹಾಗಾದ್ರೆ ನಿಮ್ ಲ್ಯಾಬಿಗೆ ಕಳ್ಸಿ."

"ಜ್ವರ ಇರೋವಾಗ ಬರ್ಬೇಕಿತ್ತು."

"ಜ್ವರ ಇರೋವಾಗ ಬಂದಿದ್ವಿ ಸಾರ್. ಕಿಟ್ ಖಾಲಿ ಅಂದ್ರಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನ್ನ ವಾದಕ್ಕೆ ಜಾಗ ಸಿಕ್ಕಿತು ಎಂದುಕೊಂಡು ಇನ್ನೊಂದು ಬಿಟ್ಟೆ: "ಇದೆಂಥ ಸರ್ಕಾರ ಸಾರ್? ದೇವರ ವಿಷಯಕ್ಕೆ ಆಸ್ತಿಕ, ಜ್ವರದ ವಿಷಯಕ್ಕೆ ನಾಸ್ತಿಕ. ಹೊಗೆ ಮಿಷನ್ನಿಗೆ ಪೂಜೆ ಆಗುತ್ತೆ, ಅಮ್ಮನ ಜ್ವರಕ್ಕೆ ಸಾಕ್ಷಿ ಬೇಕು."

"ಚೆನ್ನಾಗಿದೆ. ಬರೆದಿಟ್ಕೊ, ಡಿಬೇಟಿಗಾಗುತ್ತೆ" ಎಂದರು. ಸಿಟ್ಟಿರಲಿಲ್ಲ. ಕನ್ನಡಕ ಮತ್ತೆ ಹಾಕಿಕೊಂಡು, "ನನ್ ಮಗಳಿಗೂ ಬಂದಿತ್ತು ಹೋದ್ ತಿಂಗ್ಳು. ಅದೂ ಶಂಕಿತಾನೇ" ಎಂದರು.

ನಾನು ಎದ್ದುಬಂದೆ. ಎದುರು ಬೆಂಚಿನಲ್ಲಿ ಕೂತವರೂ ನಮ್ಮ ಹಾಗೇ ಶಂಕಿತರ ಬೀದಿಯವರೇ ಎಂದು ಗೊತ್ತಾದರೆ ಎಂಥ ಚರ್ಚೆ? ಸಂಜೆ ಹೊಗೆಯ ಆಟೋ ಬಂತು. ಅಡ್ಡರಸ್ತೆಯ ತುದಿಯಲ್ಲಿ ಒಂದು ಸುತ್ತು ತಿರುಗಿತು. ಹೊಗೆ ಅಂಗಳದವರೆಗೆ ಬಂದು, ಗೋಡೆ ಮುಟ್ಟಿ, ಯಾರನ್ನೂ ಕೇಳದೆ ಹಿಂದಿರುಗಿತು. ತೊಟ್ಟಿಯ ಹುಳಗಳು ಸುಖವಾಗಿದ್ದವು.

"ಹಬ್ಬದ ದಿನ ನೋಡೋಣ ಬಿಡು" ಎಂದ ಅಪ್ಪ. ಅವನು ಎರಡು ರಸ್ತೆ ಆಚೆಯ ವರ್ಕ್‌ಶಾಪಿನಲ್ಲಿ ಲೇತ್ ಓಡಿಸುತ್ತಾನೆ, ಈ ಶೆಡ್ಡುಗಳ ರೀತಿ ಬಲ್ಲ. "ಮಿಷನ್ ಓಡ್ಲಿ ಬಿಡ್ಲಿ, ಆಯುಧಪೂಜೆ ತಪ್ಸಲ್ಲ ಅವ್ರು. ಆ ದಿನ ಎರಡು ಬೀಗಾನೂ ತೆಗೀತಾರೆ."

ಹಾಗೇ ಆಯಿತು. ಬೀದಿಯ ಪ್ರತಿ ಗೇಟಿಗೂ ಬಾಳೆಕಂಬ, ಮಾವಿನೆಲೆ. ದೊಡ್ಡವರು ಸ್ಕೂಟರಿನಲ್ಲಿ ಬಂದರು, ಚಿಕ್ಕವರು ಕಾರಿನಲ್ಲಿ. ಒಬ್ಬರ ಮುಖ ಒಬ್ಬರು ನೋಡದೆ, ಅಕ್ಕಪಕ್ಕ ಬಗ್ಗಿ ತಮ್ಮತಮ್ಮ ಬೀಗ ತೆಗೆದರು. ನಾನೂ ಅಪ್ಪನೂ ಹಿಂದೆಯೇ ಒಳಗೆ ಹೋದೆವು. ಪೂಜೆಗೆ ಕರೆಸಿದ ಪುರೋಹಿತರು ಗಡಿಯಾರ ನೋಡುತ್ತ ನಿಂತಿದ್ದರು.

"ಸ್ವಾಮಿ, ಅವ್ರಿಗೆ ಹೇಳಿ, ಬೂದುಗುಂಬ್ಳಕಾಯಿ ತಂದಿಲ್ಲ ಅಂತ" ಎಂದರು ಚಿಕ್ಕವರು.

"ಅವ್ರಿಗೆ ಹೇಳಿ ಸ್ವಾಮಿ, ಕಾಯಿ ನನ್ ಸ್ಕೂಟರಲ್ಲಿದೆ, ಕಣ್ಣಿದ್ದೋರಿಗೆ ಕಾಣುತ್ತೆ ಅಂತ" ಎಂದರು ದೊಡ್ಡವರು.

ನಾನು ಮುಂದೆ ಹೋಗಿ ತೊಟ್ಟಿ ತೋರಿಸಿದೆ. ಅಮ್ಮನಿಗೆ ಡೆಂಗಿ ಆಗಿತ್ತು, ಮನೆಯಲ್ಲಿ ಬಸುರಿ ಇದ್ದಾಳೆ ಎಂದೆ.

"ಕನ್ಫರ್ಮ್ ಆಗಿತ್ತಾ?" ಎಂದರು ಚಿಕ್ಕವರು.

ನನಗೆ ಅಲ್ಲೇ ಕೂತುಬಿಡೋಣ ಅನ್ನಿಸಿತು. ಅಷ್ಟರಲ್ಲಿ ದೊಡ್ಡವರು, "ತೊಟ್ಟಿ ಮುಟ್ಟಂಗಿಲ್ಲಮ್ಮ. ಕೋರ್ಟಲ್ಲಿರೋ ಆಸ್ತಿ, ಹೆಂಗಿದೆಯೋ ಹಂಗೇ ಇರ್ಬೇಕು. ಮುಟ್ಟಿದ್ರೆ ನಾಳೆನೇ ಅವ್ರ ಲಾಯರು ಬರ್ತಾರೆ" ಎಂದರು.

ಸಾಕ್ಷಿಯ ಕಡೆಯಿಂದ ವಾದ ಮುಗಿದಿತ್ತು. ಆಗ ಚೀಟಿಯಲ್ಲಿ ಇನ್ನೊಂದು ಪಕ್ಷ ಬಂದಿದೆ ಎಂದುಕೊಂಡೆ.

"ಸರಿ ಸಾರ್, ಮುಟ್ಟಲ್ಲ. ಪೂಜೆಗೆ ಮುಂಚೆ ಶೆಡ್ ತೊಳೆಯಲ್ವಾ?"

"ಕ್ಯಾನಲ್ಲಿ ನೀರು ತಂದಿದೀವಿ. ಚಿಮುಕಿಸ್ತೀವಿ."

"ಆ ತೊಟ್ಟೀನೂ ಆಯುಧಾನೇ ಅಲ್ವಾ ಸಾರ್? ನಿಮ್ಮ ತಂದೆ ಕಾಲದಲ್ಲಿ ಇಲ್ಲಿಂದ ಹೋದ ಉಕ್ಕಿಗೆಲ್ಲ ಗಟ್ಟಿತನ ಕೊಟ್ಟಿದ್ದು ಅದೇ ಅಲ್ವಾ? ಮಿಷನ್ನಿಗೆ ಹೂವು, ಅದಕ್ಕೆ ಮಾತ್ರ ಹುಳಾನಾ? ಹುಳ ಬಿದ್ದಿರೋ ನೀರು ಪಕ್ಕದಲ್ಲಿಟ್ಕೊಂಡು ದೀಪ ಹಚ್ಚಿದ್ರೆ ಅದು ಪೂಜೇನೋ ಮೈಲಿಗೇನೋ, ನಂಗೊತ್ತಿಲ್ಲ. ಸ್ವಾಮಿಗಳ್ನೇ ಕೇಳಿ."

ಪುರೋಹಿತರು ತೊಟ್ಟಿಯೊಳಗೆ ಇಣುಕಿ ಮೂಗು ಮುಚ್ಚಿಕೊಂಡರು. "ಥೂ! ಇದನ್ನಿಟ್ಕೊಂಡು ಕಳಶ ಇಡಕ್ಕಾಗಲ್ಲ. ತೊಳೆದ್ಬಿಡ್ರೀ, ಬೇಗ. ನಂಗಿನ್ನೂ ಆ ಸಾಲು ಪೂರ್ತಿ ಬಾಕಿ ಇದೆ."

ಅಣ್ಣತಮ್ಮಂದಿರು ಮೊದಲ ಸಲ ಒಬ್ಬರನ್ನೊಬ್ಬರು ನೋಡಿದರು. "ಅಪ್ಪ ಇದ್ದಿದ್ರೆ ಚೆನ್ನಾಗಿ ಬೈತಿದ್ರು" ಎಂದರು ಚಿಕ್ಕವರು, ಪುರೋಹಿತರ ಮೂಲಕವಲ್ಲ, ನೇರವಾಗಿಯೇ. ದೊಡ್ಡವರು ಪ್ಯಾಂಟು ಮಡಚಿದರು.

ನೀರನ್ನು ಬಕೆಟ್ಟಿನಲ್ಲಿ ಮೊಗೆದು ಮೊಗೆದು ಗೇಟಿನಾಚೆ ಚೆಲ್ಲಿ ತೊಟ್ಟಿ ತೊಳೆದೆವು. ಹುಳಗಳು ಸಿಮೆಂಟಿನ ಮೇಲೆ ಸ್ವಲ್ಪ ಹೊತ್ತು ಒದ್ದಾಡಿ ಒಣಗಿದವು. ತಳದಲ್ಲಿದ್ದ ತುಕ್ಕು ಹಿಡಿದ ನಲ್ಲಿಯನ್ನು ಅಪ್ಪ ಸ್ಪ್ಯಾನರ್ ಹಾಕಿ ಕಳಚಿ ಜೇಬಿಗಿಳಿಸಿದ. ಇನ್ನು ಎಷ್ಟು ಮಳೆ ಬಂದರೂ ನೀರು ನಿಲ್ಲುವಂತಿರಲಿಲ್ಲ. ನಾನು ಕಣ್ಣರಳಿಸಿದ್ದಕ್ಕೆ, "ಇದೂ ಆಯುಧಾನೇ ಅಲ್ವಾ? ಮನೇಲಿ ಪೂಜೆ ಮಾಡೋಣ ಅಂತ" ಎಂದ. ಆಮೇಲೆ ಮಂಗಳಾರತಿ. ಕಾಯಿ ಒಡೆದರು, ಕೈಗೆ ಪುರಿ ಬೆಲ್ಲ ಕೊಟ್ಟರು. ಹಸಿದಿತ್ತು, ತಿಂದೆ.

ಅಕ್ಕ ಹಿತ್ತಿಲ ಗೋಡೆಯ ಈಚೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಏನೇ, ಮಠದಲ್ಲಿ ಬೆಳೆದೋಳ ಥರ ಮಾತಾಡ್ತಿದ್ದೆ? ಮೈಲಿಗೆಯಂತೆ!"

"ಪರದೆ ಒಳಗೆ ಹೋಗೆ ಸುಮ್ನೆ."

ಆ ದಿನ ಪೂಜೆಯ ಹೆಸರಲ್ಲಿ ಆಡಿದ ಒಂದು ಮಾತನ್ನೂ ನಾನು ನಂಬಿರಲಿಲ್ಲ, ಆದರೂ ತೊಟ್ಟಿ ಖಾಲಿಯಾಯಿತು. ನಂಬಿ ಆಡಿದ ಮಾತೆಲ್ಲ ಆರೋಗ್ಯ ಕಚೇರಿಯಲ್ಲೇ ಉಳಿದಿತ್ತು. ಇದರಿಂದ ದೇವರಿದ್ದಾನೆ ಎಂದೇನೂ ಸಾಬೀತಾಗುವುದಿಲ್ಲ, ಎರಡು ಬೀಗಗಳಿದ್ದವು ಎಂದಷ್ಟೇ ಆಗುತ್ತದೆ. ಹಬ್ಬ ಕಳೆದು ಎಷ್ಟೋ ದಿನಕ್ಕೆ ಇನ್‌ಸ್ಪೆಕ್ಟರ ಕಡೆಯವರು ಬಂದು, ನಮ್ಮ ಏಣಿ ಹತ್ತಿ ನೋಡಿ, "ಲಾರ್ವಾ ಇಲ್ವಲ್ಲಮ್ಮ, ಸುಮ್ನೆ ಹೆದರ್ಸಿದ್ರಿ" ಎಂದು ಹೋದರು. ಅಕ್ಕನಿಗೆ ಜ್ವರ ಬರಲಿಲ್ಲ. ಹೆಣ್ಣು ಮಗು ಹುಟ್ಟಿತು. ದೇವಿ ಕಾಪಾಡಿದಳು ಎಂದು ಅಮ್ಮ ಇವತ್ತಿಗೂ ಹೇಳುತ್ತಾಳೆ. ಕಾಪಾಡಿದ್ದು ತೊಟ್ಟಿಯ ನಲ್ಲಿ ಎಂದು ಹೇಳಲು ನನ್ನ ಹತ್ತಿರವೂ ಖಚಿತವಾದ ಸಾಕ್ಷಿಯಿಲ್ಲ. ಶಂಕಿತ ಅಷ್ಟೆ.

ಆ ಹಬ್ಬದ ಸಂಜೆ ಎರಡು ಬೀಗಗಳೂ ಮತ್ತೆ ಬಿದ್ದವು. ನಾನು ಮನೆಯ ಮೆಟ್ಟಿಲ ಮೇಲೆ ಕೂತು ಬೀದಿ ನೋಡಿದೆ. ಗೇಟುಗೇಟಿನ ಮುಂದೆ ಒಡೆದ ಕಾಯಿಗಳ ಚಿಪ್ಪು, ಕುಂಕುಮ ಬಳಿದ ಕುಂಬಳದ ಹೋಳುಗಳು. ಚಿಪ್ಪುಗಳೆಲ್ಲ ಬಾಯಿ ತೆರೆದು ಮೇಲೆ ನೋಡುತ್ತಿದ್ದವು. ಆಕಾಶದಲ್ಲಿ ಮೋಡವಿತ್ತು. ಒಂದು ಮಳೆ ಬಂದರೆ ಒಂದೊಂದು ಚಿಪ್ಪೂ ಒಂದೊಂದು ತೊಟ್ಟಿ.

ಎದ್ದೆ. ಬೆನ್ನು ನೋಯುತ್ತಿತ್ತು. ಒಂದು ತುದಿಯಿಂದ ಶುರುಮಾಡಿ, ಬಗ್ಗಿ ಬಗ್ಗಿ ಚಿಪ್ಪುಗಳನ್ನು ಬೋರಲು ಹಾಕುತ್ತ ಹೋದೆ. ಎದುರು ಮನೆಯ ಅಜ್ಜಿ, ಶಂಕಿತದಿಂದ ಗಂಡನನ್ನು ಕಳೆದುಕೊಂಡವರು, ಜಗಲಿಯಿಂದ ತುಂಬ ಹೊತ್ತು ನೋಡಿದರು.

"ಏನವ್ವ ಅದು, ಗೇಟು ಗೇಟಿಗೂ ಬಗ್ತಾ ಇದೀಯಾ? ಅಕ್ಕನ ಹೆರ್ಗೆಗೆ ಹರಕೆ ಏನಾರ ಕಟ್ಕೊಂಡಿದ್ಯಾ?"

ಬೇರೆ ದಿನವಾಗಿದ್ದರೆ ಅವರ ಪಕ್ಕ ಕೂತು ಸೊಳ್ಳೆಯ ಜಾತಕವನ್ನೆಲ್ಲ ಬಿಡಿಸಿ ಹೇಳುತ್ತಿದ್ದೆ. ಬೀದಿ ಇನ್ನೂ ಅರ್ಧ ಬಾಕಿಯಿತ್ತು, ಮೊದಲ ಹನಿ ಕತ್ತಿನ ಮೇಲೆ ಬಿತ್ತು.

"ಹೂಂ ಅಜ್ಜಿ, ಹರಕೆ" ಎಂದೆ.

ಅವರು ಸೊಂಟ ಹಿಡಿದುಕೊಂಡು ಎದ್ದು, ಸೆರಗು ಸಿಕ್ಕಿಸಿಕೊಂಡು, ಬೀದಿಯ ಆ ಕಡೆಯ ಸಾಲಿನಿಂದ ಬೋರಲು ಹಾಕುತ್ತ ಬಂದರು.