ಅವರ ಪಾಳಿ

ತಂಗಿಯ ಮಗಳು ಮೊಬೈಲ್ ಆಟದಲ್ಲಿ ತೋಪನ್ನು ಸೈನ್ಯದ ಮುಂದೆ ತಂದು ನಿಲ್ಲಿಸಿದ್ದು ನೋಡಿ, ಉಮರ್ಗಾದ ನಮ್ಮ ಕಾಳಿನ ಅಂಗಡಿ ನೆನಪಾಯಿತು.

ಬರದ ವರ್ಷ. ಅಳೆಯಲು ಜೋಳವಿಲ್ಲದೆ ಬೋರಲು ಬಿದ್ದ ಸೇರು ನಮ್ಮ ಆಟದ ಕೋಟೆಯಾಗಿತ್ತು. ಹುಣಸೆಬೀಜಗಳು ಕಾಲಾಳು, ದಾರ ಮುಗಿದ ರೀಲು ತೋಪು.

“ತೋಪ ಹಿಂದಿರಲಿ, ಯವ್ವಾ. ಎಳದು ತಂದ ಪಾಳಿಯಾಗೇ ಹಾರಸಬ್ಯಾಡ, ಒಂದು ಪಾಳಿ ತಡಿ,” ಎನ್ನುತ್ತಿದ್ದ ನಮ್ಮಜ್ಜ, ಮುತ್ಯಾ.

ಒಂದು ಮಧ್ಯಾಹ್ನ ಹಾಗೆಯೇ ತಡೆದು, “ಢಂ” ಎಂದೆ.

ನೆಲದೊಳಗಿಂದ ಢಂ ಎಂದಿತು. ನೆಲ ಗುಡುಗುವ ಸೀಮೆ ನಮ್ಮದು, ಆದರೆ ಅಂದು ಸೇರು ನನ್ನ ಕಡೆಗೆ ಸರಿಯಿತು.

ಮುತ್ಯಾ ಹಾಸುಗಲ್ಲಿಗೆ ಅಂಗೈ ಒತ್ತಿ ಪಿಸುಗುಟ್ಟಿದ: “ಸುಮ್ಮ ಕೂಡು. ಈಗ ಅವರ ಪಾಳಿ.”

ಇತ್ತ ತಂಗಿಯ ಮಗಳು ತೋಪು ಹಾರಿಸಿ, ಮೊಬೈಲ್ ಕೆಳಗಿಟ್ಟು, “ಈಗ ಎದುರಿನವರ ಪಾಳಿ, ಮಾವಶಿ,” ಎಂದಳು.

ನನ್ನ ಅಂಗೈ ಆಗಲೇ ನೆಲದ ಮೇಲಿತ್ತು.