ಇಲ್ಲದ ಶುಗರ್

ನನಗೆ ಸಕ್ಕರೆ ಕಾಯಿಲೆ ಬಂದದ್ದು ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ, ಬೆಳಿಗ್ಗೆ ಒಂಬತ್ತೂವರೆಗೆ. ಯಾವ ಡಾಕ್ಟರರ ನೆರವೂ ಬೇಕಾಗಲಿಲ್ಲ. ಕುಡಿತ ಬಿಡಿಸುವ ಕೇಂದ್ರದಲ್ಲಿ ಮೂರು ತಿಂಗಳಿದ್ದು ಮರಳಿದ ವಾರವದು. ಹಳೆಯ ಗೆಳೆಯನೊಬ್ಬ ಬಂಗಡೆಯ ಚೀಲ ಹಿಡಿದ ಕೈಯಲ್ಲೇ ನನ್ನ ತೋಳನ್ನೂ ಹಿಡಿದ.

"ಬಾ ಮಾರಾಯಾ, ಗೋವೆಯಿಂದ ಫೆನಿ ಬಂದದೆ. ಒಂದೇ ಗ್ಲಾಸು."

ಕುಡಿತ ಬಿಟ್ಟೆ ಎಂದರೆ ನಮ್ಮಲ್ಲಿ ಅದನ್ನು ಉತ್ತರವೆಂದು ಒಪ್ಪುವುದಿಲ್ಲ, ಸವಾಲೆಂದು ಸ್ವೀಕರಿಸುತ್ತಾರೆ. ಹಾಗಾಗಿ "ಶುಗರ್ ಬಂತು" ಎಂದೆ. ಅವನು ಸಾವಿನ ಮನೆಗೆ ಬಂದವನಂತೆ ತಲೆ ತಗ್ಗಿಸಿ ತೋಳು ಬಿಟ್ಟ.

ನಾನಿರುವುದು ಮೊದಲಿನಿಂದಲೂ ಅಂಕೋಲೆಯಲ್ಲಿ, ತಂಗಿಯ ಮನೆಯಲ್ಲಿ. ನಾನು ಕುಡಿಯುತ್ತೇನೆಂದು ಅವಳಿಗೆ ಗೊತ್ತಿತ್ತು, ಎಷ್ಟೆಂದು ಗೊತ್ತಿರಲಿಲ್ಲ. ಆ ಮೂರು ತಿಂಗಳನ್ನು ಹೊಟ್ಟೆಯ ಚಿಕಿತ್ಸೆ ಎಂದಿದ್ದೆ. ಶುಗರಿನ ಸುದ್ದಿ ನನಗಿಂತ ಮೊದಲಿನ ಬಸ್ಸಿಗೇ ಹೊರಟು ಅವಳನ್ನು ತಲುಪಿತು. ಸಂಜೆಯಿಂದಲೇ ಸಪ್ಪೆ ಚಹಾ. ಮರುದಿನದಿಂದ ಬರಿಹೊಟ್ಟೆಗೆ ಹಾಗಲಕಾಯಿ ರಸ.

ಕುಡಿತ ಬಿಟ್ಟವನಿಗೆ ಸಿಹಿಯ ಆಸೆ ಹುಚ್ಚಾಗಿ ಹತ್ತುತ್ತದೆ. ಕ್ರಿಸ್‌ಮಸ್ಸಿನ ತಟ್ಟೆಗಳು ನನ್ನ ಮೂಗಿನ ಕೆಳಗೇ ಹಾದು ಮುಂದಿನವರಿಗೆ ಹೋದವು. ಕೊನೆಗೆ ಒಂದು ಬೆಲ್ಲದ ಅಚ್ಚು ತಂದು ಅಕ್ಕಿ ಡಬ್ಬಿಯ ಹಿಂದೆ ಅಡಗಿಸಿದೆ. ಮೊದಲು ಅಲ್ಲಿ ಬಾಟಲಿ ಇರುತ್ತಿತ್ತು. ಕದ್ದು ತಿಂದು, ಬಾಯಿ ತೊಳೆದು, ಉಸಿರು ಬಿಗಿಹಿಡಿದು ತಂಗಿಯೆದುರು ಹಾಯುವಾಗ, ಬಿಟ್ಟದ್ದು ಹೆಂಡವನ್ನು ಮಾತ್ರ, ಕುಡುಕನನ್ನಲ್ಲ ಎಂದು ಹೊಳೆಯಿತು.

ಸಂಜೆಯ ಜಪಮಾಲೆಯಲ್ಲಿ ಮನೆಮಂದಿಯೆಲ್ಲ ಮೊಣಕಾಲೂರಿ ನನ್ನ ಶುಗರ್ ಇಳಿಯಲೆಂದು ಬೇಡುತ್ತಿದ್ದರು. ನಾನೂ ಗಂಭೀರವಾಗಿ ಆಮೆನ್ ಎನ್ನುತ್ತಿದ್ದೆ. ಬೇಡುವ ಮೊದಲೇ ಈಡೇರಿದ ಪ್ರಾರ್ಥನೆ ಬಹುಶಃ ಅದೊಂದೇ.

ಪಾಪನಿವೇದನೆಗೆ ಹೋಗಿ ಪಾದ್ರಿಗಳಿಗೆ ಎಲ್ಲ ಹೇಳಿದೆ. ಜಾಲರಿಯಾಚೆ ಅವರು ಕೆಮ್ಮಿದರು. ನಗು ತಡೆದಿರಬೇಕು.

"ಬೆಲ್ಲ ತಿನ್ನೂದು ಪಾಪ ಅಲ್ಲ. ಆದ್ರೆ ಬೇರೆಯವ್ರ ಚೀಟಿ ಹಿಡ್ಕೊಂಡು ಹೋಗಿ ದೇವರ ಹತ್ರ ಮದ್ದು ಕೇಳ್ತೀರಲ್ಲ, ಅವನಾದ್ರೂ ಎಂತಾ ಕೊಡೂದು?"

ಮಾತು ನಾಟಿತು. ಆದರೂ ಮನೆಯಲ್ಲಿ ಬಾಯಿ ಬಿಡಲಿಲ್ಲ.

ತಂಗಿಯ ಮಗಳ ಮದುವೆ ಬಂತು. ಗ್ಲಾಸು ಎತ್ತಿ ವಧೂವರರಿಗೆ ಶುಭ ಕೋರುವ ಟೋಸ್ಟ್ ನಮ್ಮ ಕುಟುಂಬದಲ್ಲಿ ಸೋದರಮಾವನ ಕೆಲಸ. ಎಲ್ಲರೂ ಗ್ಲಾಸು ಹಿಡಿದು ಎದ್ದು ನಿಂತರು. ನನ್ನ ಗ್ಲಾಸನ್ನು ತಂಗಿಯೇ ತಂದಳು.

"ಹೆದ್ರಬೇಡ ದಾದಾ. ಸಕ್ಕರೆ ಇಲ್ದಿದ್ದ ವೈನು. ಕೇಳಿ ಕೇಳಿ ತರ್ಸಿದ್ದು, ನಿಂಗಾಗೇ."

ನಾನೇ ಹೆಣೆದ ಬಲೆಯ ಬಾಯಿ ಅಲ್ಲಿಗೆ ಮುಚ್ಚಿತು. ಪಕ್ಕದ ಟ್ರೇಯಲ್ಲಿ ಕೋಕಂ ಶರಬತ್ತಿತ್ತು. ಅದೇ ಕೆಂಪು. ಆದರೆ ಸಕ್ಕರೆಯಿತ್ತು, ನನಗೆ ನಿಷಿದ್ಧ. ವೈನಿನ ವಾಸನೆ ಮೂಗಿಗೆ ಬಡಿದು ಬಾಯಲ್ಲಿ ನೀರೂರಿತು. ಒಂದು ಗುಟುಕಿನ ಆಚೆಗಿನ ದಾರಿ ನನಗೆ ಬಾಯಿಪಾಠ.

"ನಂಗೆ ಶುಗರ್ ಇಲ್ಲ," ಎಂದೆ. "ನಾನು ಕುಡುಕ. ಇದ್ನ ಕುಡಿದ್ರೆ ನಿಲ್ಸುಕೆ ಆಗೂದಿಲ್ಲ. ಕೋಕಂ ಕೊಡು."

ವರನ ತಂದೆ ಪಕ್ಕದಲ್ಲೇ ಇದ್ದರು, ತಮ್ಮ ಗ್ಲಾಸನ್ನೇ ನೋಡತೊಡಗಿದರು. ತಂಗಿ ಟ್ರೇಯತ್ತ ಚಾಚಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿದಳು.

"ಹಂಗಾರೆ ಆ ಹಾಗಲಕಾಯಿ?"

"ಕುಡ್ದೆ."

"ಹತ್ತು ತಿಂಗಳಾ?"

"ಹತ್ತು ತಿಂಗಳು."

"ದಿನಾ ಎದ್ದು ಅರೆದವ್ಳು ನಾನು," ಎಂದು ಗ್ಲಾಸು ಕಸಿದುಕೊಂಡು ಹೋದಳು. ಕೋಕಂ ತಂದು ಕುಕ್ಕಿದಳು. ಅದನ್ನೇ ಎತ್ತಿ ಭಾಷಣ ಮಾಡಿದೆ. ಏನು ಹೇಳಿದೆನೋ ನೆನಪಿಲ್ಲ. ಅಂಗಿಯ ಮೇಲೆ ಚೆಲ್ಲಿಕೊಂಡ ಕೋಕಂ ಕಲೆ ಮಾತ್ರ ಈಗಲೂ ಇದೆ.

ವೈನಿನ ವಾಸನೆಗೆ ಇವತ್ತಿಗೂ ಬಾಯಲ್ಲಿ ನೀರೂರುತ್ತದೆ. ತಂಗಿ ಜಪಮಾಲೆಯ ಕೋರಿಕೆ ಬದಲಿಸಿದ್ದಾಳೆ. "ನಮ್ಮ ದಾದಾ ಇವತ್ತು ಕುಡೂದು ಬೇಡ ದೇವರೇ" ಎಂದು ಆಚೆ ಮನೆಗೂ ಕೇಳುವಂತೆ ಬೇಡುತ್ತಾಳೆ. ನನ್ನ ಕಿವಿ ಬಿಸಿಯಾಗುತ್ತದೆ. ಆದರೆ ಚೀಟಿ ನನ್ನದೇ. ಆಮೆನ್ ಎನ್ನುತ್ತೇನೆ, ಅವಳಷ್ಟೇ ಗಟ್ಟಿಯಾಗಿ.